ಹುಳುವಿಗೂ ಗೆಡ್ಡೆ ಬರುತ್ತದಾ? ಅದು ಮರಿಗೂ ಹೋಗುತ್ತದಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆಯುವ ಮನೆ. ಪಕ್ಕದ ತೋಟಕ್ಕೆ ಔಷಧಿ ಹೊಡೆದಾಗೆಲ್ಲ ನಮ್ಮ ಹುಳುಗಳಿಗೆ ತೊಂದರೆ ಆಗುತ್ತದೆ. ಈ ಬೆಳೆಯಲ್ಲಿ ಕೆಲವು ಹುಳುಗಳ ಮೈಮೇಲೆ ಕಪ್ಪು ಕಲೆಗಳೂ ಕಂಡವು. ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ನೊಣಗಳಿಗೆ ರಾಸಾಯನಿಕ ತಿನ್ನಿಸಿದರೆ ಕಪ್ಪು ಗೆಡ್ಡೆ ಏಳುತ್ತದೆ, ಅದು ಮರಿಗಳಿಗೂ ಹೋಗುತ್ತದೆ ಎಂದು ಎಲ್ಲೋ ಓದಿದಳಂತೆ. ಹುಳುಗಳಿಗೂ ಕ್ಯಾನ್ಸರ್ ಬರುತ್ತದಾ? ಔಷಧಿ ತಗುಲಿದ ಹುಳುವಿನ ಮರಿಗಳೂ ಕೆಡುತ್ತವಾ? ಕೀಟಗಳು ಔಷಧಿಗೆ ಬಗ್ಗದೆ ಹೋಗುವುದೂ ಇದರಿಂದಲೇನಾ? ಅದೇ ಗಾಳಿ ಉಸಿರಾಡುವ ನಮಗೆ, ನಮ್ಮ ಮಕ್ಕಳಿಗೆ ಏನೂ ಆಗುವುದಿಲ್ಲವಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಹೌದು, ಕೀಟಗಳಿಗೂ ಗೆಡ್ಡೆ ಬರುತ್ತದೆ. ಕೆಲವು ರಾಸಾಯನಿಕಗಳು ಅದನ್ನು ತರಿಸಬಲ್ಲವು. ಅವುಗಳಲ್ಲಿ ಹಲವು, ಜೀನ್‌ಗಳನ್ನು ಬದಲಾಯಿಸಿ ಆ ಬದಲಾವಣೆ ಮರಿ, ಮೊಮ್ಮರಿಗಳಿಗೂ ಹೋಗುವಂತೆ ಮಾಡಬಲ್ಲವು. ಆದರೆ ರಾಸಾಯನಿಕದಿಂದ ಎದ್ದ ಗೆಡ್ಡೆ ತಾನಾಗಿ ಮರಿಗೆ ಹೋಗುವುದಿಲ್ಲ. ಮೈಯಲ್ಲಿ ಗೆಡ್ಡೆ ಏಳುವುದು ಒಂದು ಘಟನೆ. ಮೊಟ್ಟೆಯಲ್ಲೋ ವೀರ್ಯಾಣುವಿನಲ್ಲೋ ಜೀನ್ ಬದಲಾಗುವುದು ಇನ್ನೊಂದು ಘಟನೆ. ನಿಮ್ಮ ಹುಳುಗಳ ಮೇಲಿನ ಕಪ್ಪು ಕಲೆ ಬಹುಮಟ್ಟಿಗೆ ಈ ಎರಡೂ ಅಲ್ಲ.

ಈ ವ್ಯತ್ಯಾಸ ಇಡೀ ಉತ್ತರದ ಬುಡ. ಹುಳುವಾಗಲಿ ಮನುಷ್ಯನಾಗಲಿ, ಮೈಯಲ್ಲಿ ಎರಡು ಬಗೆಯ ಜೀವಕೋಶಗಳಿವೆ. ಚರ್ಮ, ಕರುಳು, ನರ, ರಕ್ತ ಇವುಗಳ ಕೋಶಗಳು ಆ ಜೀವದ ಜೊತೆಗೇ ಸಾಯುತ್ತವೆ. ಮುಂದಿನ ಪೀಳಿಗೆಗೆ ದಾಟುವುದು ಮೊಟ್ಟೆ ಮತ್ತು ವೀರ್ಯಾಣು ಮಾತ್ರ. ಒಂದು ರಾಸಾಯನಿಕ ಹುಳುವಿನ ಕರುಳಿನ ಕೋಶದ ಡಿಎನ್‌ಎಯನ್ನು, ಅಂದರೆ ಜೀನ್‌ಗಳಿರುವ ಎಳೆಯನ್ನು, ಕೆಡಿಸಿದರೆ ಆ ಹುಳುವಿಗೆ ನಷ್ಟ, ಅದರ ಮರಿಗೆ ಏನೂ ಇಲ್ಲ. ವೀರ್ಯಾಣುವಿನ ಡಿಎನ್‌ಎಯನ್ನು ಕೆಡಿಸಿದರೆ ಆ ಹುಳು ಆರಾಮಾಗಿಯೇ ಇರುತ್ತದೆ, ಏಟು ಮರಿಗೆ ಬೀಳುತ್ತದೆ. ಒಂದೇ ರಾಸಾಯನಿಕ ಎರಡೂ ಕಡೆ ಕೈ ಹಾಕಬಹುದು. ಹಾಗಂತ ಎರಡೂ ಒಂದೇ ಕಾಯಿಲೆ ಆಗುವುದಿಲ್ಲ.

ಈಗ ಕಪ್ಪು ಕಲೆಗೆ ಬರೋಣ, ನಿಮಗೆ ತುರ್ತಾಗಿ ಬೇಕಿರುವುದು ಅದೇ ಅಲ್ವಾ. ಕೀಟದ ಮೈಗೆ ಗಾಯವಾದರೆ ಅಥವಾ ಹೊರಗಿನದೇನಾದರೂ ಒಳಹೊಕ್ಕರೆ, ಅದರ ರಕ್ತದ ಕೋಶಗಳು ಅಲ್ಲಿಗೆ ನುಗ್ಗಿ ಮುತ್ತಿಕೊಳ್ಳುತ್ತವೆ. ಆಮೇಲೆ ಆ ಜಾಗದಲ್ಲಿ ಮೆಲನಿನ್ ಎಂಬ ಕಪ್ಪು ವಸ್ತು ಕಟ್ಟಿಕೊಳ್ಳುತ್ತದೆ. ನಮ್ಮ ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವುದೂ ಮೆಲನಿನ್ನೇ. ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು, ಅದರ ಮರಿ ಚರ್ಮ ಕೊರೆದು ಒಳಗೆ ಹೋದ ಜಾಗದಲ್ಲಿ ಕಪ್ಪು ಗುರುತು ಮೂಡುವುದು ಹೀಗೆಯೇ. 1980ರಲ್ಲಿ ಊಜಿ ಕರ್ನಾಟಕಕ್ಕೆ ಬಂದ ಮೇಲೆ ಈ ಗುರುತನ್ನು ನೋಡದ ರೇಷ್ಮೆ ಬೆಳೆಗಾರರು ಇರಲಿಕ್ಕಿಲ್ಲ. ಕಲೆ ದೊಡ್ಡದಾಗಿ ಒಂದೋ ಎರಡೋ ಇದ್ದರೆ ಮೊದಲು ಊಜಿಯನ್ನು ಅನುಮಾನಿಸಿ.

ಮೈತುಂಬ ಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಸಣ್ಣ ಚುಕ್ಕೆಗಳಿದ್ದರೆ ವಿಷಯ ಬೇರೆ. ಅದು ಗಂಟುರೋಗ, ಅಂದರೆ ಪೆಬ್ರಿನ್ ಇರಬಹುದು. ದಯವಿಟ್ಟು ತಡ ಮಾಡದೆ ರೇಷ್ಮೆ ಇಲಾಖೆಯವರಿಗೆ ತೋರಿಸಿ. ಈ ರೋಗ ನಿಮ್ಮ ಪ್ರಶ್ನೆಗೆ ಇನ್ನೊಂದು ಕಾರಣಕ್ಕೂ ಹತ್ತಿರ. ಇದು ನಿಜವಾಗಿಯೂ ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಹೋಗುತ್ತದೆ. ಹಾಗಿದ್ದೂ ಇದು ಜೀನ್‌ನ ಕಾಯಿಲೆ ಅಲ್ಲ. ನೊಸೆಮಾ ಎಂಬ ಸೂಕ್ಷ್ಮಜೀವಿ ತಾಯಿಚಿಟ್ಟೆಯ ಅಂಡಾಶಯದಲ್ಲಿ ಸೇರಿಕೊಂಡು ಮೊಟ್ಟೆಯೊಳಗೆ ಹೋಗುತ್ತದೆ, ಅಷ್ಟೇ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಉದ್ಯಮ ಈ ರೋಗದಿಂದ ಮುಳುಗುತ್ತಿದ್ದಾಗ ಲೂಯಿ ಪಾಶ್ಚರ್ ಒಂದು ದಾರಿ ತೋರಿಸಿದರು. ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗ ಕಂಡರೆ ಅದರ ಮೊಟ್ಟೆಗಳನ್ನು ನಾಶ ಮಾಡುವುದು. ಇವತ್ತಿಗೂ ನಮ್ಮ ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ಮಾಡುವುದು ಅದನ್ನೇ. ಪೀಳಿಗೆಯಿಂದ ಪೀಳಿಗೆಗೆ ಹೋಗುವುದೆಲ್ಲ ಮ್ಯುಟೇಶನ್, ಅಂದರೆ ಜೀನ್‌ನ ಬದಲಾವಣೆ, ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಿಮ್ಮ ಮಗಳು ಓದಿದ್ದು ಸುಳ್ಳಲ್ಲ. ಅವಳು ಓದಿದ ನೊಣ ಡ್ರೊಸೊಫಿಲಾ, ಅಂದರೆ ಕಳಿತ ಬಾಳೆಹಣ್ಣಿಗೆ ಮುತ್ತುವ ಆ ಚಿಕ್ಕ ನೊಣ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಅದಕ್ಕೆ ಹತ್ತು ದಿನದ ಆಸುಪಾಸು ಸಾಕು. ಅಂದರೆ ಒಂದು ತಿಂಗಳಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂವರನ್ನೂ ನೋಡಬಹುದು. ಅದರ ಗೆಡ್ಡೆಗಳ ಚರಿತ್ರೆ ಹಳೆಯದು. 1918ರಲ್ಲೇ ಮೇರಿ ಸ್ಟಾರ್ಕ್ ಎಂಬ ಅಮೆರಿಕದ ವಿಜ್ಞಾನಿ, ಈ ನೊಣದ ಮರಿಹುಳುಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಕಪ್ಪು ಗೆಡ್ಡೆಯ ಬಗ್ಗೆ ಬರೆದರು. ಆಮೇಲೆ ಇಂಥ ಗೆಡ್ಡೆ ಬರುವ ಹಲವು ತಳಿಗಳು ಸಿಕ್ಕವು. ಯಾವ ಆಹಾರ ಕೊಟ್ಟರೆ ಗೆಡ್ಡೆ ಜಾಸ್ತಿ, ಯಾವ ರಾಸಾಯನಿಕ ಕೊಟ್ಟರೆ ಜಾಸ್ತಿ ಎಂದು ಎಣಿಸುವ ಕೆಲಸ ಶುರುವಾಯಿತು.

1950ರ ದಶಕದಲ್ಲಿ ವಾಲ್ಟರ್ ಬರ್ಡೆಟ್ ಒಂದು ಒಳ್ಳೆಯ ಪ್ರಶ್ನೆ ಹಿಡಿದರು. ಕ್ಯಾನ್ಸರ್ ಬರುವುದೇ ಮ್ಯುಟೇಶನ್‌ನಿಂದ ಎನ್ನುತ್ತಾರಲ್ಲ, ಹಾಗಾದರೆ ಒಂದೇ ತಳಿಯ ನೊಣಕ್ಕೆ ಒಂದೇ ರಾಸಾಯನಿಕ ಕೊಟ್ಟು, ಗೆಡ್ಡೆ ಎಷ್ಟು ಹೆಚ್ಚಿತು, ಮರಿಗಳಿಗೆ ಹೋಗುವ ಮ್ಯುಟೇಶನ್ ಎಷ್ಟು ಹೆಚ್ಚಿತು ಎಂದು ಒಟ್ಟಿಗೇ ಅಳೆದರೆ ಹೇಗೆ? ಅಳೆದರು. ಒಂದು ಏರಿದಾಗ ಇನ್ನೊಂದೂ ಅದೇ ಅಳತೆಯಲ್ಲಿ ಏರುತ್ತದೆ ಎಂಬ ನಿಯಮವೇನೂ ಸಿಗಲಿಲ್ಲ.

ಯಾಕೆ ಸಿಗಲಿಲ್ಲ ಎಂಬುದು ಈಗ ನಮಗೆ ಚೆನ್ನಾಗಿ ಗೊತ್ತು. ಆ ಕಪ್ಪು ಗೆಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ. ಅವು ನಾನು ಮೇಲೆ ಹೇಳಿದ ಊಜಿ ಗುರುತಿನ ದಾಯಾದಿಗಳು. ಡ್ರೊಸೊಫಿಲಾ ಮರಿಹುಳುವಿನೊಳಗೆ ಮೊಟ್ಟೆ ಇಡುವ ಸಣ್ಣ ಕಣಜಗಳಿವೆ. ಆಗ ಮರಿಹುಳುವಿನ ರಕ್ತದಲ್ಲಿ ಚಪ್ಪಟೆಯಾದ, ಅಗಲವಾದ ವಿಶೇಷ ಕೋಶಗಳು ಹುಟ್ಟಿ, ಕಣಜದ ಮೊಟ್ಟೆಯನ್ನು ಪದರಪದರವಾಗಿ ಸುತ್ತಿ, ಕಪ್ಪಾಗಿಸಿ ಕೊಲ್ಲುತ್ತವೆ. ಕೆಲವು ತಳಿಗಳಲ್ಲಿ ಜೀನ್ ಕೆಟ್ಟು, ಕಣಜ ಇಲ್ಲದಿದ್ದರೂ ಈ ಕೋಶಗಳು ಹುಟ್ಟಿಬಿಡುತ್ತವೆ. ಸುತ್ತಲು ಶತ್ರು ಇಲ್ಲ, ಹಾಗಾಗಿ ಸ್ವಂತ ಮೈಯ ಅಂಗಾಂಶವನ್ನೇ ಸುತ್ತಿ ಕಪ್ಪು ಉಂಡೆ ಕಟ್ಟುತ್ತವೆ. ಇಂಥ ಎಷ್ಟೋ ನೊಣಗಳು ಹೊಟ್ಟೆಯಲ್ಲಿ ಆ ಉಂಡೆ ಇಟ್ಟುಕೊಂಡೇ ಬೆಳೆದು, ಮೊಟ್ಟೆ ಇಟ್ಟು ಬದುಕುತ್ತವೆ. ರಾಸಾಯನಿಕ ಕೊಟ್ಟಾಗ ಉಂಡೆ ಹೆಚ್ಚಾದರೆ ಅದು ಡಿಎನ್‌ಎ ಕೆಟ್ಟಿದ್ದರಿಂದಲೇ ಇರಬೇಕಿಲ್ಲ. ಅಂಗಾಂಶಕ್ಕೆ ಪೆಟ್ಟಾಗಿ ರಕ್ತಕೋಶಗಳು ಕೆರಳಿದರೂ ಸಾಕು. ಹಾಗಾಗಿ ಕಪ್ಪು ಉಂಡೆಯ ಎಣಿಕೆಯಿಂದ ಕ್ಯಾನ್ಸರ್‌ನ ತೀರ್ಮಾನಕ್ಕೆ ಹಾರಬಾರದು. ಹಳೆಯ ಪ್ರಬಂಧಗಳನ್ನು ಓದುವ ವಿದ್ಯಾರ್ಥಿಗಳಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಇದಕ್ಕೊಂದು ಅಪವಾದವೂ ಇದೆ. ಹಾಪ್‌ಸ್ಕಾಚ್ ಎಂಬ ಜೀನ್ ಒಂದು ರೀತಿಯಲ್ಲಿ ಕೆಟ್ಟರೆ ರಕ್ತಕೋಶಗಳು ನಿಲ್ಲದೆ ಹೆಚ್ಚುತ್ತಾ ಹೋಗುತ್ತವೆ, ರಕ್ತದ ಕ್ಯಾನ್ಸರ್‌ನ ಹಾಗೆಯೇ.

ಹಾಗಾದರೆ ಕೀಟಕ್ಕೆ ನಿಜವಾದ ಕ್ಯಾನ್ಸರ್? ಅದೂ ಇದೆ. ಡ್ರೊಸೊಫಿಲಾದಲ್ಲಿ ‘ಲೀಥಲ್ ಜಯಂಟ್ ಲಾರ್ವೇ’ ಎಂಬ ಜೀನ್ ಇದೆ. ಅಪ್ಪ ಅಮ್ಮ ಇಬ್ಬರಿಂದಲೂ ಅದರ ಕೆಟ್ಟ ಪ್ರತಿ ಸಿಕ್ಕ ಮರಿಹುಳು ಊದಿಕೊಳ್ಳುತ್ತಾ ಹೋಗುತ್ತದೆ, ಪ್ಯೂಪಾ ಹಂತಕ್ಕೆ, ಅಂದರೆ ಹುಳು ರೆಕ್ಕೆಯ ನೊಣವಾಗಿ ಬದಲಾಗುವ ಹಂತಕ್ಕೆ, ಹೋಗುವುದೇ ಇಲ್ಲ, ಸಾಯುತ್ತದೆ. ಒಳಗೆ ಅದರ ಮಿದುಳು ಮತ್ತು ಮುಂದೆ ರೆಕ್ಕೆ, ಕಣ್ಣು ಆಗಬೇಕಿದ್ದ ಅಂಗಾಂಶ ಆಕಾರವಿಲ್ಲದೆ ಬೆಳೆದಿರುತ್ತದೆ. 1960ರ ದಶಕದ ಕೊನೆಯಲ್ಲಿ ಎಲಿಜಬೆತ್ ಗ್ಯಾಟೆಫ್ ಮತ್ತು ಹೋವರ್ಡ್ ಷ್ನೈಡರ್ಮನ್ ಆ ಅಂಗಾಂಶದ ಚೂರನ್ನು ಆರೋಗ್ಯವಂತ ನೊಣದ ಹೊಟ್ಟೆಯೊಳಗೆ ಇಟ್ಟರು. ಅದು ಅಲ್ಲಿ ಬೆಳೆಯಿತು, ಬೇರೆ ಅಂಗಗಳಿಗೆ ನುಗ್ಗಿತು, ನೊಣವನ್ನು ಕೊಂದಿತು. ಕ್ಯಾನ್ಸರ್ ಎನ್ನಲು ಇನ್ನೇನು ಬೇಕು? 1985ರಲ್ಲಿ ಈ ಜೀನನ್ನು ಬೇರ್ಪಡಿಸಿದರು. ಗೆಡ್ಡೆಯನ್ನು ತಡೆಯುವ ಜೀನ್‌ಗಳಲ್ಲಿ ಮೊದಮೊದಲಿಗೆ ಕೈಗೆ ಸಿಕ್ಕ ಒಂದು ಜೀನ್ ಈ ಪುಟ್ಟ ನೊಣದ್ದು.

ಹೀಗಿದ್ದರೂ ಹೊರಗೆ ಹಾರಾಡುವ ಕೀಟಗಳಲ್ಲಿ ಕ್ಯಾನ್ಸರ್ ಅಪರೂಪ. ರೆಕ್ಕೆ ಬಂದ ಕೀಟದ ಮೈಯಲ್ಲಿ ಹೆಚ್ಚಿನ ಕೋಶಗಳು ಒಡೆದು ಎರಡಾಗುವುದನ್ನು ನಿಲ್ಲಿಸಿಬಿಟ್ಟಿರುತ್ತವೆ. ವಿಭಜನೆ ಇಲ್ಲದ ಕಡೆ ಗೆಡ್ಡೆ ಎಲ್ಲಿಂದ ಬರಬೇಕು? ಕರುಳಿನಲ್ಲಿ ಮತ್ತು ಸಂತಾನದ ಅಂಗಗಳಲ್ಲಿ ಮಾತ್ರ ವಿಭಜನೆ ನಡೆಯುತ್ತಿರುತ್ತದೆ. ವಯಸ್ಸಾದ ನೊಣಗಳಲ್ಲಿ ಗೆಡ್ಡೆ ಕಂಡಿರುವುದೂ ಕರುಳು ಮತ್ತು ವೃಷಣದಲ್ಲೇ. ಇನ್ನೊಂದು ವಿಚಿತ್ರವಾದ ಕತೆ ಜಿರಳೆಯದ್ದು. 1945ರಲ್ಲಿ ಬರ್ಟಾ ಶಾರರ್ ಒಂದು ಜಾತಿಯ ಜಿರಳೆಯಲ್ಲಿ ಕರುಳಿಗೆ ಹೋಗುವ ಒಂದು ನರವನ್ನು ಕತ್ತರಿಸಿದರೆ ಅಲ್ಲಿ ಗೆಡ್ಡೆ ಏಳುತ್ತದೆ ಎಂದು ತೋರಿಸಿದರು. ರಾಸಾಯನಿಕವೂ ಇಲ್ಲ, ವಂಶದ ದೋಷವೂ ಇಲ್ಲ.

ಇನ್ನು ಮರಿಗಳಿಗೆ ಹೋಗುವ ಬದಲಾವಣೆ. ಈ ವಿಷಯದಲ್ಲಿ ನನಗೆ ತುಂಬ ಗೌರವ ಇರುವುದು ಶಾರ್ಲೊಟ್ಟೆ ಔಎರ್ಬಾಕ್ ಎಂಬ ಹೆಣ್ಣುಮಗಳ ಮೇಲೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1899ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಯಹೂದಿ. ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. 1933ರಲ್ಲಿ ಹಿಟ್ಲರ್ ಬಂದಮೇಲೆ ಕೆಲಸ ಹೋಯಿತು. ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಿ, ನಡುವಯಸ್ಸಿಗೆ ಹತ್ತಿರವಾಗಿದ್ದಾಗ ಸಂಶೋಧನೆ ಶುರು ಮಾಡಿದರು. ಎಕ್ಸ್‌-ರೇ ಹಾಯಿಸಿದರೆ ನೊಣದಲ್ಲಿ ಮ್ಯುಟೇಶನ್ ಆಗುತ್ತದೆ ಎಂದು 1927ರಲ್ಲಿ ತೋರಿಸಿದ್ದ ಹರ್ಮನ್ ಮುಲ್ಲರ್ ಆಗ ಅಲ್ಲೇ ಇದ್ದರು. ಕ್ಯಾನ್ಸರ್ ತರುವ ರಾಸಾಯನಿಕಗಳು ಮ್ಯುಟೇಶನ್ ಕೂಡ ತರುತ್ತವಾ ನೋಡಿ ಎಂದು ಔಎರ್ಬಾಕ್ ಅವರಿಗೆ ದಾರಿ ತೋರಿಸಿದವರು ಅವರೇ.

ಅದೇ ಹೊತ್ತಿಗೆ ಎಡಿನ್‌ಬರೋದ ಔಷಧವಿಜ್ಞಾನದವರು ಒಂದು ವಿಷಯ ಗಮನಿಸಿದ್ದರು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದ ಮಸ್ಟರ್ಡ್ ಗ್ಯಾಸ್‌ನ ಸುಟ್ಟಗಾಯ ಎಕ್ಸ್‌-ರೇಯಿಂದಾದ ಸುಟ್ಟಗಾಯದ ಹಾಗೇ ಇತ್ತು. ಬೇಗ ಮಾಯುತ್ತಿರಲಿಲ್ಲ, ಮಾಯ್ದರೂ ಮತ್ತೆ ಏಳುತ್ತಿತ್ತು. ಹಾಗಾದರೆ ಒಳಗೆ ಜೀನ್‌ನ ಮಟ್ಟದಲ್ಲೂ ಎರಡೂ ಒಂದೇ ಕೆಲಸ ಮಾಡುತ್ತಿರಬಹುದಲ್ವಾ? 1940ರ ಕೊನೆಯಲ್ಲಿ ಔಎರ್ಬಾಕ್ ಮತ್ತು ಜೆ.ಎಂ. ರಾಬ್ಸನ್ ಪ್ರಯೋಗ ಶುರು ಮಾಡಿದರು. ಕಟ್ಟಡದ ತಾರಸಿಯ ಮೇಲೆ ಮಸ್ಟರ್ಡ್ ದ್ರವವನ್ನು ಕಾಯಿಸಿ, ಆ ಹಬೆಗೆ ನೊಣಗಳನ್ನು ಒಡ್ಡುತ್ತಿದ್ದರು. ಸುರಕ್ಷತೆ ಎನ್ನುವುದು ಹೆಸರಿಗೂ ಇರಲಿಲ್ಲ. ನೊಣಗಳನ್ನು ಹೊರತೆಗೆಯುವಾಗ ಔಎರ್ಬಾಕ್ ಅವರ ಕೈಗಳು ಕೆಟ್ಟದಾಗಿ ಸುಟ್ಟವು.

ಫಲಿತಾಂಶ ಅನುಮಾನಕ್ಕೆ ಎಡೆಯಿಲ್ಲದ್ದಾಗಿತ್ತು. ಎಕ್ಸ್‌-ರೇಯಷ್ಟೇ ಜೋರಾಗಿ ಒಂದು ರಾಸಾಯನಿಕ ಮ್ಯುಟೇಶನ್ ತರಬಲ್ಲದು ಎಂದು ಗೊತ್ತಾಯಿತು. ಆದರೆ ಯುದ್ಧಕಾಲ, ವಸ್ತು ಯುದ್ಧದ ಅಸ್ತ್ರ. ಪ್ರಕಟಿಸಲು ಬಿಡಲಿಲ್ಲ. 1946ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಹೊರಬಂತು. ಇದೇ ಮಸ್ಟರ್ಡ್ ಗ್ಯಾಸನ್ನು ಜಪಾನಿನ ಒಕುನೊಶಿಮಾ ದ್ವೀಪದ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ಆಮೇಲೆ ಶ್ವಾಸಕೋಶ, ಗಂಟಲಿನ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿತು. ಒಂದೇ ವಸ್ತು, ಉಸಿರಾಟದ ಕೋಶಕ್ಕೆ ತಗುಲಿದರೆ ಕ್ಯಾನ್ಸರ್, ವೀರ್ಯಾಣುವಿಗೆ ತಗುಲಿದರೆ ಮುಂದಿನ ಪೀಳಿಗೆಯ ಮ್ಯುಟೇಶನ್. ಮುಲ್ಲರ್ ಅವರ ಊಹೆ ಸರಿಯಾಗಿತ್ತು.

ಔಎರ್ಬಾಕ್ ಕಂಡ ಇನ್ನೊಂದು ಸಂಗತಿ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಎಕ್ಸ್‌-ರೇ ಕೆಡಿಸಿದ್ದು ಸಾಮಾನ್ಯವಾಗಿ ಮಗುವಿನಲ್ಲೇ ಪೂರ್ತಿಯಾಗಿ ಇರುತ್ತದೆ. ರಾಸಾಯನಿಕದ ಏಟು ಹಾಗಲ್ಲ. ಎಷ್ಟೋ ಸಲ ಮಗುವಿನ ಮೈಯ ಅರ್ಧ ಭಾಗದ ಕೋಶಗಳಲ್ಲಿ ಮಾತ್ರ ಬದಲಾವಣೆ ಇರುತ್ತದೆ, ಉಳಿದ ಅರ್ಧ ಸರಿಯಾಗಿಯೇ ಇರುತ್ತದೆ. ಡಿಎನ್‌ಎಗೆ ಎರಡು ಎಳೆಗಳಿವೆ, ರಾಸಾಯನಿಕ ಒಂದೇ ಎಳೆಗೆ ಅಂಟಿಕೊಂಡಿರಬಹುದು. ಕೋಶ ಒಡೆದು ಎರಡಾದಾಗ ಒಂದಕ್ಕೆ ಕೆಟ್ಟ ಎಳೆ, ಒಂದಕ್ಕೆ ಒಳ್ಳೆಯ ಎಳೆ. ಹಾಗಾಗಿ ಮಗುವಿನಲ್ಲಿ ಏನೂ ಕಾಣದೆ ಮೊಮ್ಮಗುವಿನಲ್ಲಿ ದೋಷ ಹೊರಬೀಳುವುದುಂಟು. ಜೊತೆಗೆ ಕೋಶ ತನ್ನ ಡಿಎನ್‌ಎಯನ್ನು ರಿಪೇರಿಯೂ ಮಾಡಿಕೊಳ್ಳುತ್ತದೆ. ಪೂರ್ತಿ ಬೆಳೆದ ವೀರ್ಯಾಣುವಿಗೆ ಆ ಶಕ್ತಿ ಇಲ್ಲ. ಅದರ ದೋಷವನ್ನು ಮೊಟ್ಟೆಯೊಳಗೆ ಹೋದಮೇಲೆ ಮೊಟ್ಟೆಯೇ ತಿದ್ದಬೇಕು. ಮ್ಯುಟೇಶನ್ ಎಂದರೆ ಬರೀ ರಸಾಯನಶಾಸ್ತ್ರವಲ್ಲ, ಜೀವ ಅದಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬುದೂ ಮುಖ್ಯ ಎಂದು ಔಎರ್ಬಾಕ್ ಕೊನೆಯವರೆಗೂ ವಾದಿಸಿದರು. ಅದು ನೂರಕ್ಕೆ ನೂರು ಸರಿ.

ಕಣ್ಣಿಗೆ ಕಾಣದ ಮ್ಯುಟೇಶನ್ನನ್ನು ಎಣಿಸುವುದು ಹೇಗೆ ಎಂದು ನಿಮ್ಮ ಮಗಳು ಕೇಳಬಹುದು. ಮುಲ್ಲರ್ ಕಂಡುಕೊಂಡ ಉಪಾಯ ಚೆಂದವಾಗಿದೆ. ಗಂಡು ನೊಣಕ್ಕೆ ಎಕ್ಸ್ ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತ ಎಕ್ಸ್ ಎಂಬ ಎಳೆ, ಒಂದೇ. ರಾಸಾಯನಿಕ ತಗುಲಿದ ಗಂಡನ್ನು, ಎಕ್ಸ್‌ನಲ್ಲಿ ಕಣ್ಣಿಗೆ ಕಾಣುವ ಗುರುತಿನ ಜೀನ್ ಇರುವ ಹೆಣ್ಣಿನ ಜೊತೆ ಕೂಡಿಸುತ್ತಾರೆ. ಹುಟ್ಟಿದ ಹೆಣ್ಣುಮರಿಗಳು ಅಪ್ಪನ ಆ ಎಕ್ಸನ್ನು ಹೊತ್ತಿರುತ್ತವೆ, ಆದರೆ ಅಮ್ಮನ ಕಡೆಯ ಒಳ್ಳೆಯ ಎಕ್ಸ್ ಕೂಡ ಇರುವುದರಿಂದ ಬದುಕುತ್ತವೆ. ಮುಂದಿನ ಪೀಳಿಗೆಯಲ್ಲಿ ಒಂದು ಹೆಣ್ಣಿನ ಗಂಡುಮರಿಗಳಲ್ಲಿ, ಅಜ್ಜನ ಎಕ್ಸ್ ಪಡೆದ ಒಂದೂ ಕಾಣದಿದ್ದರೆ, ಆ ಎಕ್ಸ್‌ನಲ್ಲಿ ಕೊಲ್ಲುವ ಮ್ಯುಟೇಶನ್ ಆಗಿದೆ ಎಂದರ್ಥ. ಸೀಸೆಯನ್ನು ಕಣ್ಣಿಗೆ ಹಿಡಿದರೆ ಸಾಕು, ಒಂದು ಬಗೆಯ ಗಂಡು ಇದೆಯಾ ಇಲ್ಲವಾ ಎಂದು ಗೊತ್ತಾಗುತ್ತದೆ. ಅವಳಿಗೆ ಆಸಕ್ತಿ ಇದ್ದರೆ ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗಕ್ಕೆ ಒಮ್ಮೆ ಹೋಗಿ ಬರಲಿ. ಅಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ಪುಸ್ತಕದಲ್ಲಿ ಓದುವುದಕ್ಕಿಂತ ಸೀಸೆಯೊಳಗೆ ನೋಡುವುದು ಎಷ್ಟೋ ಮೇಲು.

ರೇಷ್ಮೆ ಹುಳುವಿನಲ್ಲೂ ಇಂಥ ಪರೀಕ್ಷೆ ಇದೆ, ಅದು ನಿಮಗೆ ಇನ್ನೂ ಸುಲಭವಾಗಿ ಅರ್ಥವಾಗುತ್ತದೆ. ಜಪಾನಿನ ಮಿಶಿಮಾದಲ್ಲಿರುವ ರಾಷ್ಟ್ರೀಯ ತಳಿವಿಜ್ಞಾನ ಸಂಸ್ಥೆಯಲ್ಲಿ ಯತಾರೊ ತಾಜಿಮಾ ಇದನ್ನು ಬೆಳೆಸಿದರು. ಮೊಟ್ಟೆಯ ಬಣ್ಣವನ್ನು ನಿರ್ಧರಿಸುವ ಎರಡು ಜೀನ್‌ಗಳಿವೆ. ಒಂದು ಕೆಟ್ಟರೆ ಮೊಟ್ಟೆ ಬಿಳಿಚಿಕೊಳ್ಳುತ್ತದೆ, ಇನ್ನೊಂದು ಕೆಟ್ಟರೆ ಕೆಂಪಗಾಗುತ್ತದೆ. ಈ ಎರಡೂ ಜೀನ್‌ಗಳು ಕೆಟ್ಟಿರುವ ಹೆಣ್ಣುಚಿಟ್ಟೆಗೆ ಒಳ್ಳೆಯ ತಳಿಯ ಗಂಡನ್ನು ಕೂಡಿಸಿದರೆ ಮೊಟ್ಟೆಗಳೆಲ್ಲ ಎಂದಿನಂತೆ ಕಪ್ಪಗಾಗಬೇಕು. ಗಂಡಿಗೆ ವಿಕಿರಣವನ್ನೋ ರಾಸಾಯನಿಕವನ್ನೋ ಮೊದಲೇ ತಗುಲಿಸಿದ್ದರೆ, ಕಪ್ಪು ಮೊಟ್ಟೆಗಳ ನಡುವೆ ಅಲ್ಲೊಂದು ಇಲ್ಲೊಂದು ಬಿಳಿಯದು, ಕೆಂಪಿನದು ಕಾಣುತ್ತದೆ. ಒಂದು ಚಿಟ್ಟೆ ನಾನೂರು, ಐನೂರು ಮೊಟ್ಟೆ ಇಡುವುದರಿಂದ ಸಾವಿರಾರು ಮೊಟ್ಟೆಗಳನ್ನು ಕಣ್ಣಲ್ಲೇ ನೋಡಿ ಮುಗಿಸಬಹುದು. ಮರಿ ಒಡೆಯುವ ತನಕ ಕಾಯಬೇಕಾಗಿಯೂ ಇಲ್ಲ.

ಗೆಡ್ಡೆಗೂ ಮ್ಯುಟೇಶನ್‌ಗೂ ಇರುವ ಕೊಂಡಿಯನ್ನು ತೋರಿಸುವ ಪರೀಕ್ಷೆ ಬಂದದ್ದು ಆಮೇಲೆ. ಡ್ರೊಸೊಫಿಲಾ ರೆಕ್ಕೆಯಲ್ಲಿ ಸುಮಾರು 30,000 ಕೋಶಗಳಿವೆ, ಪ್ರತಿಯೊಂದಕ್ಕೂ ಒಂದೇ ಕೂದಲು. ಒಂದು ಜೀನ್‌ನ ಎರಡೂ ಪ್ರತಿಗಳು ಕೆಟ್ಟ ಕೋಶದಲ್ಲಿ ಮಾತ್ರ ಹಲವು ಕೂದಲು ಹುಟ್ಟುತ್ತವೆ. ಒಂದು ಪ್ರತಿ ಮೊದಲೇ ಕೆಟ್ಟಿರುವ ಮರಿಹುಳುವಿಗೆ ಅನುಮಾನದ ರಾಸಾಯನಿಕ ತಿನ್ನಿಸಿ, ಅದು ನೊಣವಾದ ಮೇಲೆ ರೆಕ್ಕೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಎಷ್ಟು ಕಡೆ ಹಲವು ಕೂದಲಿನ ಗುಂಪು ಇದೆಯೋ ಅಷ್ಟು ಕಡೆ ಎರಡನೇ ಪ್ರತಿಯೂ ಹೋಗಿದೆ. 1984ರಿಂದ ಇದು ಬಳಕೆಯಲ್ಲಿದೆ. ಇದೇ ಉಪಾಯವನ್ನು ‘ವಾರ್ಟ್ಸ್’ ಎಂಬ ಜೀನ್‌ನ ಮೇಲೆ ಮಾಡಿದರೆ ಕೂದಲಿನ ಬದಲು ಗೆಡ್ಡೆಯೇ ಏಳುತ್ತದೆ. ವಾರ್ಟ್ಸ್ ಜೀನ್ ಕೋಶದ ಬೆಳವಣಿಗೆಗೆ ಬ್ರೇಕ್ ಇದ್ದ ಹಾಗೆ. ಒಂದು ಬ್ರೇಕ್ ಹೋದರೂ ಇನ್ನೊಂದು ಹಿಡಿದಿರುತ್ತದೆ, ಎರಡೂ ಹೋದರೆ ಆ ಕೋಶ ನಿಲ್ಲುವುದಿಲ್ಲ. ಇಲ್ಲಿ ಏಳುವ ಗೆಡ್ಡೆ ಹಳೆಯ ಕಪ್ಪು ಉಂಡೆಯಲ್ಲ, ಡಿಎನ್‌ಎ ಕೆಟ್ಟು ಬಂದ ನಿಜವಾದ ಅತಿಬೆಳವಣಿಗೆ. ಬ್ರೆಜಿಲ್‌ನ ಪ್ರಯೋಗಾಲಯಗಳು ಔಷಧ, ಗಿಡಮೂಲಿಕೆಗಳನ್ನು ಪರೀಕ್ಷಿಸಲು ಇದನ್ನು ಬಹಳ ಬಳಸುತ್ತವೆ. ನಮ್ಮ ಮೈಯಲ್ಲೂ ವಾರ್ಟ್ಸ್‌ಗೆ ಸಾಟಿಯಾದ ಜೀನ್‌ಗಳಿವೆ, ಅದೇ ಬ್ರೇಕಿನ ಕೆಲಸ ಮಾಡುತ್ತವೆ. ಇಲ್ಲೂ ಗಮನಿಸಿ: ಆ ನೊಣದ ಮರಿಗೆ ಹೋಗುವುದು ಮೊದಲೇ ಇದ್ದ ಒಂದು ಕೆಟ್ಟ ಪ್ರತಿ ಮಾತ್ರ. ರೆಕ್ಕೆಯ ಮೇಲೆ ಎದ್ದ ಗೆಡ್ಡೆ ಆ ರೆಕ್ಕೆಯ ಜೊತೆಗೇ ಮುಗಿಯಿತು.

ಈಗ ನಿಮ್ಮ ಸಾಕಣೆ ಮನೆಗೆ ವಾಪಸ್ ಬರೋಣ. ಪಕ್ಕದ ತೋಟದಿಂದ ಔಷಧಿಯ ಸಿಂಪರಣೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದಾಗ ಹುಳುಗಳಿಗೆ ಆಗುವುದು ವಿಷಬಾಧೆ. ಹೆಚ್ಚಿನ ಕೀಟನಾಶಕಗಳು ನರಗಳ ಮೇಲೆ ಕೆಲಸ ಮಾಡುತ್ತವೆ. ಹುಳು ತಲೆ ಎತ್ತಿ ಒದ್ದಾಡುತ್ತದೆ, ರಸ ಕಕ್ಕುತ್ತದೆ, ಮೈ ಕುಗ್ಗುತ್ತದೆ, ಸಾಯುತ್ತದೆ. ಇದು ಗಂಟೆಗಳ ಲೆಕ್ಕದಲ್ಲಿ ನಡೆಯುವ ಕೆಲಸ, ಗೆಡ್ಡೆಗೆ ಸಮಯವೇ ಇಲ್ಲ. ಕೀಟನಾಶಕಗಳಿಗೆ ಮ್ಯುಟೇಶನ್ ತರುವ ಗುಣ ಇದೆಯಾ ಎಂದು ಕೀಟದ ಮೇಲೆಯೇ ಪರೀಕ್ಷಿಸುವುದು ಕಷ್ಟವಾಗಲು ಕಾರಣವೂ ಇದೇ. ಅಳತೆ ಸ್ವಲ್ಪ ಜಾಸ್ತಿಯಾದರೆ ಮರಿ ಹಾಕಲು ನೊಣವೇ ಉಳಿಯುವುದಿಲ್ಲ.

ಮರಿಗಳು ಕೆಡುತ್ತವಾ ಎಂಬ ಚಿಂತೆ ನಿಮ್ಮ ಬೆಳೆಯ ಮಟ್ಟಿಗೆ ಬೇಡ. ನೀವು ಸಾಕುವ ಮಿಶ್ರತಳಿ ಹುಳುಗಳ ವಂಶ, ಅವು ಗೂಡು ಕಟ್ಟುವ ನಿಮ್ಮ ಚಂದ್ರಿಕೆಯಲ್ಲೇ ನಿಲ್ಲುತ್ತದೆ. ಗೂಡು ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ನೂಲು ಬಿಚ್ಚುವವರ ಬಿಸಿನೀರಿಗೆ. ಅದು ಚಿಟ್ಟೆಯಾಗಿ ಮೊಟ್ಟೆ ಇಡುವುದೇ ಇಲ್ಲ. ಮುಂದಿನ ಬೆಳೆಗೆ ನೀವು ತರುವ ಮೊಟ್ಟೆ ಬೇರೆ ತಾಯಿ ತಂದೆಯದು. ಬಿತ್ತನೆ ಗೂಡು, ಅಂದರೆ ಮೊಟ್ಟೆ ಪಡೆಯಲು ಬಿಡುವ ಗೂಡು, ಬೆಳೆಯುವವರ ಮಾತು ಬೇರೆ. ಅವರ ತೋಟದ ಸೊಪ್ಪಿಗೆ ಔಷಧಿ ಬೀಳದಂತೆ ನೋಡಿಕೊಳ್ಳುವುದು ಎರಡು ಪಟ್ಟು ಮುಖ್ಯ.

ಕೀಟಗಳು ಔಷಧಿಗೆ ಬಗ್ಗದಿರುವುದಕ್ಕೆ, ಔಷಧಿಯೇ ಮ್ಯುಟೇಶನ್ ತಂದಿದ್ದು ಕಾರಣ ಎಂದು ತುಂಬ ಜನ ನಂಬಿದ್ದಾರೆ. ಅದು ಹಾಗಲ್ಲ. 1960ರಲ್ಲಿ ಪ್ರಕಟವಾದ ಬೆನೆಟ್ ಅವರ ಒಂದು ಪ್ರಯೋಗ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿತು. ಅವರು ಡ್ರೊಸೊಫಿಲಾ ಕುಟುಂಬಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಡಿಡಿಟಿ ಎಂಬ ಕೀಟನಾಶಕ ಕೊಟ್ಟು ಯಾವ ಕುಟುಂಬ ಹೆಚ್ಚು ತಡೆದುಕೊಳ್ಳುತ್ತದೆ ಎಂದು ನೋಡಿದರು. ಆದರೆ ಮುಂದಿನ ಪೀಳಿಗೆಗೆ ಆರಿಸಿಕೊಂಡದ್ದು ಆ ಕುಟುಂಬದ, ಡಿಡಿಟಿ ಸೋಕದ ಅಣ್ಣತಮ್ಮ, ಅಕ್ಕತಂಗಿಯರನ್ನು. ಹೀಗೇ ಪೀಳಿಗೆ ಪೀಳಿಗೆ ಮಾಡಿದಾಗ ಡಿಡಿಟಿಗೆ ಜಗ್ಗದ ತಳಿ ಹುಟ್ಟಿತು, ಅದರ ಹಿಂದಿನವರು ಯಾರೂ ಡಿಡಿಟಿ ಕಂಡೇ ಇರಲಿಲ್ಲ. ತಡೆಯುವ ಜೀನ್ ಮೊದಲೇ ಆ ಗುಂಪಿನಲ್ಲಿತ್ತು. ಔಷಧಿ ಮಾಡುವುದು ಆಯ್ಕೆ ಮಾತ್ರ: ಇಲ್ಲದವನ್ನು ಕೊಂದು ಇರುವವನ್ನು ಉಳಿಸುವುದು. ಡಿಡಿಟಿ ತಡೆಯುವ ನೊಣಗಳಲ್ಲಿ ಸಿವೈಪಿ6ಜಿ1 ಎಂಬ ಜೀನ್ ಜಾಸ್ತಿ ಕೆಲಸ ಮಾಡುತ್ತದೆ ಎಂದು 2002ರಲ್ಲಿ ಗೊತ್ತಾಯಿತು. ಅದರ ಪಕ್ಕ ಬೇರೆಲ್ಲಿಂದಲೋ ಜಿಗಿದು ಬಂದು ಕೂತ ಡಿಎನ್‌ಎಯ ಒಂದು ತುಂಡು ಅದನ್ನು ಹೆಚ್ಚು ದುಡಿಸುತ್ತಿತ್ತು. ದೇಶ ದೇಶಗಳ ನೊಣಗಳಲ್ಲಿ ಕಂಡದ್ದು ಆ ಒಂದೇ ಬದಲಾವಣೆ. ಔಷಧಿ ಪ್ರತಿ ಊರಲ್ಲೂ ಹೊಸ ಮ್ಯುಟೇಶನ್ ತರುತ್ತಿದ್ದರೆ ಹೀಗಿರುತ್ತಿರಲಿಲ್ಲ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆಯಬೇಡಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಈ ಕಾರಣಕ್ಕೆ.

ಕೊನೆಯದಾಗಿ ಮನೆಯವರ ಆರೋಗ್ಯ. ನೊಣದಲ್ಲಿ ಕಂಡದ್ದನ್ನು ನೇರವಾಗಿ ಮನುಷ್ಯರಿಗೆ ಅನ್ವಯಿಸಲು ಆಗುವುದಿಲ್ಲ. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರಲ್ಲಿ ಕ್ಯಾನ್ಸರ್ ಹೆಚ್ಚಾಗಿದ್ದು ಸ್ಪಷ್ಟವಾಗಿ ಕಂಡಿತು. ಅವರಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಪರೀಕ್ಷಿಸಿದರೂ ವಂಶವಾಹಿ ದೋಷ ಎದ್ದು ಕಾಣುವಷ್ಟು ಹೆಚ್ಚಿದ್ದು ಕಂಡಿಲ್ಲ. ಆದ್ದರಿಂದ ಹುಟ್ಟಲಿರುವ ಮೊಮ್ಮಕ್ಕಳ ಭಯಕ್ಕಿಂತ, ಇವತ್ತು ಉಸಿರಾಡುತ್ತಿರುವ ನಿಮ್ಮ ಮೈಯ ಕಾಳಜಿ ಮೊದಲು ಮಾಡಿ.

ಅದರಲ್ಲೂ ನೀವು ಕೇಳದ ಒಂದು ವಸ್ತುವಿನ ಬಗ್ಗೆ ನಾನೇ ಹೇಳಬೇಕು: ಫಾರ್ಮಲಿನ್. ಬೆಳೆ ಮುಗಿದಾಗ ಸಾಕಣೆ ಮನೆ, ತಟ್ಟೆ, ಚಂದ್ರಿಕೆಗಳನ್ನು ಶುದ್ಧ ಮಾಡಲು ಶೇಕಡಾ 2ರ ಫಾರ್ಮಲಿನ್ ಸಿಂಪಡಿಸುವ ರೂಢಿ ಇದೆಯಲ್ಲ. ಔಎರ್ಬಾಕ್ ಅವರ ಪ್ರಬಂಧ ಬಂದ ಅದೇ 1946ರಲ್ಲಿ ಸೋವಿಯತ್ ರಷ್ಯಾದ ಐಯೋಸಿಫ್ ರಾಪೊಪೋರ್ಟ್, ಡ್ರೊಸೊಫಿಲಾ ಆಹಾರಕ್ಕೆ ಫಾರ್ಮಲಿನ್‌ನಲ್ಲಿರುವ ಇದೇ ಫಾರ್ಮಾಲ್ಡಿಹೈಡ್ ಬೆರೆಸಿದರೆ ಮ್ಯುಟೇಶನ್ ಹೆಚ್ಚುತ್ತದೆ ಎಂದು ತೋರಿಸಿದರು. ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡು ಬಂದಿದ್ದ ಮನುಷ್ಯ. ಆಮೇಲೆ ಇದೂ ಗೊತ್ತಾಯಿತು: ಆ ಆಹಾರದಿಂದ ಮ್ಯುಟೇಶನ್ ಆಗುವುದು ಗಂಡು ಮರಿಹುಳುಗಳಲ್ಲಿ, ಅದೂ ವೀರ್ಯಾಣು ತಯಾರಾಗುವ ಒಂದು ಹಂತದ ಕೋಶಗಳಲ್ಲಿ ಮಾತ್ರ. ಮನುಷ್ಯರಲ್ಲಿ ಅದು ಮೂಗು, ಗಂಟಲಿಗೆ ತಗುಲಿದ ಕಡೆಯೇ ಹೆಚ್ಚಿನ ಪಾಲು ಖರ್ಚಾಗಿಬಿಡುತ್ತದೆ, ಒಳಗಿನ ಅಂಗಗಳಿಗೆ ಹೋಗುವುದು ಕಡಿಮೆ. ಆದರೆ ತಗುಲಿದ ಕಡೆ ಹಾನಿ ಗಟ್ಟಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಬರೀ ಬಟ್ಟೆ ಕಟ್ಟಿಕೊಂಡು ಫಾರ್ಮಲಿನ್ ಹೊಡೆಯಬೇಡಿ, ಬಟ್ಟೆ ಆ ಗಾಳಿಯನ್ನು ತಡೆಯುವುದಿಲ್ಲ. ಗ್ಯಾಸ್ ತಡೆಯುವ ಮಾಸ್ಕ್, ಕನ್ನಡಕ, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಮಕ್ಕಳನ್ನೂ ಬಸುರಿಯರನ್ನೂ ಆ ಹೊತ್ತಿಗೆ ದೂರ ಇಡಿ. ಹೊಡೆದ ಮೇಲೆ ಮನೆ ಮುಚ್ಚಿ ಹೊರಗೆ ಬನ್ನಿ. ಮತ್ತೆ ತೆರೆದಾಗ ಕಣ್ಣು ಉರಿ ಪೂರ್ತಿ ಹೋಗುವ ತನಕ ಗಾಳಿಯಾಡಲು ಬಿಡಿ. ಫಾರ್ಮಲಿನ್ ಬದಲು ಬಳಸಬಹುದಾದ ಸೋಂಕುನಿವಾರಕಗಳೂ ಈಗ ಇವೆ. ನಿಮ್ಮ ಹತ್ತಿರದ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರದಲ್ಲಿ ಕೇಳಿ. ಹಾಗೆಯೇ ಕಪ್ಪು ಕಲೆ ಇರುವ ಹುಳು ಇನ್ನೂ ಉಳಿದಿದ್ದರೆ ನಾಲ್ಕೈದನ್ನು ಅಲ್ಲಿಗೇ ತೆಗೆದುಕೊಂಡು ಹೋಗಿ ತೋರಿಸಿ.